ಜೇಬಿನ ಅಸ್ತರು

ಹದಿಮೂರರಲ್ಲಿ ನನ್ನ ಕೆಲಸ ದಾರ ಕತ್ತರಿಸುವುದು.
ಕೌಲ್ ಬಜಾರಿನ ಯೂನಿಟ್ಟಿನಿಂದ ಗಂಟುಗಂಟಾಗಿ ಬರುವ ಪ್ಯಾಂಟುಗಳ
ಹೊಲಿಗೆ ತುದಿಯಲ್ಲಿ ತೂಗುವ ನೂಲಿನ ಬಾಲಗಳನ್ನು
ಸ್ಕೂಲು ಬಿಟ್ಟ ಮೇಲೆ ಅವ್ವ, ನಾನು
ಕಟ್ಟೆಯ ಮೇಲೆ ಕೂತು,
ಪ್ಯಾಂಟಿಗೆ ಐವತ್ತು ಪೈಸೆಯಂತೆ.

ಬೆರಳು ನೀಲಿ. ಮೂಗು ಒರೆಸಿಕೊಂಡರೆ ಮೂಗೂ ನೀಲಿ.
ಕನ್ನಡ ಪರೀಕ್ಷೆಯ ಹಾಳೆಯಲ್ಲಿ ಸಮಾಸದ ಪಕ್ಕ
ಹೆಬ್ಬೆಟ್ಟೊಂದು ತಾನಾಗಿ ಬಿದ್ದಿತ್ತು.
"ಏನವ್ವ, ಸಹಿ ಬರೋದಿಲ್ಲೇನು ನಿನಗ?" ಅಂದರು ಟೀಚರು.
ಕ್ಲಾಸು ನಕ್ಕಿತು, ನಾನೂ ನಕ್ಕೆ.
ಮನೆಗೆ ಬಂದು ಅವ್ವನ ಹೆಬ್ಬೆಟ್ಟು ನೋಡಿದೆ.
ನಗು ಬರಲಿಲ್ಲ.

ದೊಡ್ಡಾಕಿ ಆದದ್ದು ಏಪ್ರಿಲ್ಲಿನಲ್ಲಿ,
ಗುಡ್ಡದ ಬಂಡೆ ರಾತ್ರಿ ಹತ್ತಾದರೂ ಕಾವು ಬಿಡದ ಏಪ್ರಿಲ್ಲು.
ಮೂಲೆಯಲ್ಲಿ ಕೂಡಿಸಿದರು.
ಕೊಬ್ಬರಿ, ಬೆಲ್ಲ, ಅಂಟಿನುಂಡೆ, ಸೋದರತ್ತೆಯ ಹಸಿರು ಸೀರೆ.
ಆರತಿ ಎತ್ತಿ ಓಣಿಯವರು ಹಾಡಿದ ಹಾಡಿನಲ್ಲಿ
ನಾನು ಮಲ್ಲಿಗೆಯಾಗಿದ್ದೆ, ಗಿಣಿಯಾಗಿದ್ದೆ, ಮಾವಿನಕಾಯಾಗಿದ್ದೆ.
ಹೆಸರು ಹಿಡಿದು ಯಾರೂ ಕರೆಯಲಿಲ್ಲ.
ಹನ್ನೊಂದು ದಿನ ಏನೂ ಮುಟ್ಟುವಂತಿಲ್ಲ ಅಂದರು.
ಎಲ್ಲ ಮಲಗಿದ ಮೇಲೆ ಅವ್ವ
ಒಂದು ಗಂಟು ನನ್ನ ಕಡೆ ದೂಡಿದಳು, ಹಿಂದೆಯೇ ಕತ್ತರಿ.
"ನಾಳೆ ಲಾಟ್ ಕೊಡಬೇಕು.
ಜೀನ್ಸಿಗೆ ಮೈಲಿಗಿ ಇಲ್ಲ, ತಗೋ."

ಆ ರಾತ್ರಿಯೇ ಮೊದಲ ಸಲ
ಒಂದು ಜೇಬನ್ನು ಹೊರಗೆಳೆದು ನೋಡಿದೆ.
ಅಸ್ತರು ಬಿಳಿ. ಎಷ್ಟು ಬಿಳಿ ಅಂದರೆ
ಅಷ್ಟು ನೀಲಿಯ ಹೊಟ್ಟೆಯೊಳಗೆ
ಯಾರೋ ಬರೆಯದೆ ಬಿಟ್ಟುಹೋದ ಹಾಳೆ.
ಪೆನ್ನು ಹುಡುಕಿ ಬರೆದೆ:
"ನಾನು ಮಾವಿನಕಾಯಿ ಅಲ್ಲ."
ಮತ್ತೆ ಒಳಗೆ ದಬ್ಬಿದೆ.

ಆಮೇಲೆ ದಿನಕ್ಕೊಂದು. ಸಿಟ್ಟಿದ್ದರೆ ನಾಲ್ಕು.
"ಅಪ್ಪ ಅದಿರಿನ ಟಿಪ್ಪರಿಂದ ಕೆಂಪಗೆ ಇಳಿಯುತ್ತಾನೆ,
ನಾವು ನೀಲಿಯಾಗಿ ಏಳುತ್ತೇವೆ,
ನಮ್ಮ ಮನೆಯ ಸಾಬೂನಿಗೆ ಯಾವ ಬಣ್ಣ?"
"ಪಂಕ್ಚರ್ ಅಂಗಡಿಯವ ನೋಡುತ್ತಾನೆ. ನೋಡಲಿ.
ನಾನೂ ನೋಡಿದೆನೆಂದು ಹೇಳಬೇಡ, ಪ್ಯಾಂಟೇ."
ಸೊಲ್ಲಾಪುರದಲ್ಲೋ ನಾಗಪುರದಲ್ಲೋ ಯಾವನೋ
ಚಿಲ್ಲರೆಗೆಂದು ಕೈ ಹಾಕಿದಾಗ
ನನ್ನ ಒತ್ತಕ್ಷರ ಅವನ ಉಗುರಿಗೆ ತಾಗುವುದನ್ನು
ನೆನೆದು ನೆನೆದು ನಿದ್ದೆ ಹೋಗುತ್ತಿದ್ದೆ.

ಎರಡು ವರ್ಷದ ಮೇಲೆ ಮೌಲಾಲಿ ಮಾಸ್ಟರ್ ಚಹಾ ಕುಡಿಯುತ್ತಾ ಅಂದ:
"ಅಸ್ತರಿನಾಗ ಯಾರೋ ಗೀಚ್ತಾರ. ಗೀಚಲಿ ಬಿಡು.
ವಾಷಿಂಗಿಗೆ ಹಾಕಿದರ ಕಲ್ಲು, ಬ್ಲೀಚು,
ದೇವರು ಬರೆದದ್ದೂ ಉಳಿಯಂಗಿಲ್ಲ."

ಅವತ್ತು ವಾಷಿಂಗ್ ಯೂನಿಟ್ಟಿನ ಹಿಂದಿನ ಮೋರಿ ನೋಡಲು ಹೋದೆ.
ನೀಲಿ ನೊರೆ, ಒಂದು ಚಪ್ಪಲಿ, ಬಾತುಕೋಳಿಯಂಥ ಪ್ಲಾಸ್ಟಿಕ್ಕು.
ನನ್ನ ಸಮಗ್ರ ಕಾವ್ಯ
ಸುಮ್ಮನೆ ಹರಿಯುತ್ತಿತ್ತು.
ಅಳಬೇಕೆಂದಿದ್ದೆ. ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸು ಬಂದೆ.
ಬಂದು ಬರೆದೆ, ಈ ಸಲ ಒತ್ತಿ,
ಬಟ್ಟೆ ಹರಿಯುವಷ್ಟು ಒತ್ತಿ.

ಅದು ಅವ್ವನ ಕೈಗೆ ಸಿಕ್ಕಿತು.
"ಇದೇನಬೇ ಬರದಿ?"
"ಸೈಜು. ಮೂವತ್ತೆರಡು."
ಅವ್ವ ಬೆರಳಿಟ್ಟು ಅಕ್ಷರ ಎಣಿಸಿದಳು,
ಮೆಣಸಿನಕಾಯಿ ತೊಟ್ಟು ಮುರಿಯುವ ಹಾಗೆ, ಒಂದೊಂದೇ.
"ಮೂವತ್ತೆರಡಕ್ಕ ಇಷ್ಟುದ್ದ ಬೇಕಾ? ಓದು."

ಓದಿದೆ:
"ಅವ್ವ ಹೇಳದೆ ಉಳಿಸಿದ್ದನ್ನೆಲ್ಲ
ದಾರದ ಹಾಗೆ ಕತ್ತರಿಸಿ ಕಟ್ಟೆಯ ಕೆಳಗೆ ಹಾಕುತ್ತಾಳೆ.
ಕಸ ಹೊಡೆಯುವವಳು ನಾನು.
ಒಂದನ್ನೂ ಎಸೆದಿಲ್ಲ."

ಕರೆಂಟು ಹೋಗಿತ್ತು. ಬಂತು. ಫ್ಯಾನು ತಿರುಗಿತು.
ಅವ್ವ ಕತ್ತರಿ ತಗೊಂಡು
ಆ ಅಸ್ತರನ್ನು ಸುತ್ತಲೂ ಕತ್ತರಿಸಿ
ಎಲೆ ಅಡಿಕೆ ಚೀಲದೊಳಗೆ ಮಡಿಸಿಟ್ಟಳು.
ಇನ್ನೂರು ರೂಪಾಯಿ ಹಿಡಿದುಕೊಂಡರು ಆ ವಾರ.

ಈಗ ಹತ್ತೊಂಬತ್ತು. ಮಷೀನಿನ ಮೇಲೆ ಕೂಡುತ್ತೇನೆ.
ಮೊದಲ ಪಗಾರದ ಚೂಡಿದಾರಕ್ಕೆ ನಾನೇ ಜೇಬು ಇಟ್ಟುಕೊಂಡೆ,
ಮೊಣಕೈ ಮುಳುಗುವಷ್ಟು ಆಳ.
"ಹೆಣ್ಮಕ್ಕಳಿಗೆ ಜೇಬು ಯಾತಕ್ಕಬೇ?" ಮೌಲಾಲಿ ಮಾಸ್ಟರ್ ನಕ್ಕ.
ಬಸ್ ಪಾಸು, ಪೆನ್ನು, ಲಾಟ್ ಚೀಟಿಗಳು,
ಇನ್ನೂ ಎಲ್ಲಿ ಕೂಡಿಸಬೇಕೋ ತಿಳಿಯದ ಎರಡು ಮಾತು.

ಅವ್ವ ಆ ಸುದ್ದಿ ಎತ್ತಿಯೇ ಇಲ್ಲ.
ಮೊನ್ನೆ ರೊಟ್ಟಿ ಬಡಿಯುತ್ತಾ, ಕಡೆಯ ರೊಟ್ಟಿಗೆ,
ಬೆನ್ನು ತಿರುಗಿಸದೆ ಕೇಳಿದಳು:
"ಮೂವತ್ನಾಲ್ಕು ಬರದೇನಬೇ?"