ಐದು ರೂಪಾಯಿ ಬಾಕಿ

ಮೊಬೈಲಿನಲ್ಲಿ ತರಿಸಿದ ಗ್ಯಾಸ್ಕೆಟ್ಟು ಮೂರು:
ಒಂದು ದೊಡ್ಡದು, ಒಂದು ಚಿಕ್ಕದು,
ಇನ್ನೊಂದು ಯಾರ ಮನೆಯದೋ.

ಕೊನೆಗೆ ಮುಚ್ಚಳವನ್ನೇ ಚೀಲಕ್ಕೆ ಹಾಕಿಕೊಂಡು
ಕಟ್ಟಿನಕೆರೆ ಮಾರುಕಟ್ಟೆಗೆ ನಡೆದೆ.

ಗೌಸ್ ಸಾಬರು ಕನ್ನಡಕ ಹಣೆಗೇರಿಸಿ
ಅಂಚು ಸವರಿದರು, ಜ್ವರ ನೋಡುವವರಂತೆ.
"ರಬ್ಬರಿನ ತಪ್ಪಲ್ಲಮ್ಮ, ತುಟಿ ಸೊಟ್ಟಗಾಗಿದೆ.
ಬೀಳಿಸಿದ್ರಾ?"

ಬಿದ್ದದ್ದಲ್ಲ, ಎಸೆದದ್ದು.
ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.
ಮರದ ಸುತ್ತಿಗೆಯಲ್ಲಿ ನಾಲ್ಕು ಸಲ
ಮೆಲ್ಲಗೆ.

"ತಟ್ಟಿದ್ದಕ್ಕೆ ದುಡ್ಡಿಲ್ಲ. ರಿಂಗಿಗೆ ಎಂಬತ್ತೈದು."
ಪರ್ಸಿನ ಮೂಲೆ ಮೂಲೆ ತಡಕಿದರೂ ಎಂಬತ್ತೇ.
"ಇರಲಿ, ಈ ಕಡೆ ಬಂದಾಗ ಕೊಡಿ."

ಅದಾಗಿ ಏಳು ತಿಂಗಳು.
ಸಾಸಿವೆ ಡಬ್ಬಿಯಲ್ಲಿ
ಐದರ ಬಿಲ್ಲೆ ಕೂತೇ ಇದೆ.
ಆ ಕಡೆ ಹೋಗುವ ಕೆಲಸವೇ ಬಿದ್ದಿಲ್ಲ.
ಕುಕ್ಕರು ಸರಿಯಾಗಿ ಕೂಗುತ್ತಿದೆ;
ಆಮೇಲೆ ಯಾರೂ
ಏನನ್ನೂ ಎಸೆದಿಲ್ಲ.