ನಾಲ್ಕು ನಿಂಬೆಹಣ್ಣು

ನಸುಕಿನ ನಾಲ್ಕಕ್ಕೆ ಪೆನ್ಷನ್ ಮೊಹಲ್ಲಾದ ಬೇಕರಿಯ ಹಿಂಬಾಗಿಲಲ್ಲಿ
ಬನ್ನು, ಬ್ರೆಡ್ಡು, ರಸ್ಕಿನ ಕ್ರೇಟು ಹೇರಿಕೊಂಡು
ಆಲೂರು ದಾಟುವಷ್ಟರಲ್ಲಿ
ಕ್ಲಚ್ಚಿನ ಮೇಲಿನ ಎಡಗಾಲಿಗೆ ಮೊದಲ ಹನಿ.
ಒಂಬತ್ತು ಮಳೆಗಾಲ.
ಬಲಗಾಲು ಬೆಚ್ಚಗೆ. ಎಡಗಾಲು ಮಾತ್ರ
ಯಾರದೋ ತಿಥಿಗೆ ಮುಳುಗು ಹಾಕಿ ಬಂದಂತೆ.

ಗಾಜಿನ ರಬ್ಬರು ಬದಲಿಸಿದ್ದಾಯಿತು, ಅಂಟು ಮೆತ್ತಿದ್ದಾಯಿತು.
ಇನಾಯತ್ ಡ್ಯಾಶ್‌ಬೋರ್ಡ್ ಬಿಚ್ಚಿ, ಟಾರ್ಚು ಹಲ್ಲಲ್ಲಿ ಕಚ್ಚಿ,
ತಲೆ ಒಳಗಿಟ್ಟು ಬಹಳ ಹೊತ್ತು ಇದ್ದು
ಹೊರಗೆ ಬಂದು ಹೇಳಿದ:
"ತಗಡಿಗೆ ತಗಡು ಕೂಡೋ ಕಡೆ ಕೂಡೇ ಇಲ್ಲ ಅಣ್ಣ.
ಹಳೇದಾಗಿ ಸೋರ್ತಿಲ್ಲ ಇದು, ಹುಟ್ತಾನೇ ಸೋರ್ತಾ ಬಂದೈತೆ."

ಬಿ.ಎಂ. ರಸ್ತೆಯ ಸರ್ವೀಸ್ ಸೆಂಟರಿನ ಹುಡುಗ
ಕೂರಿಸಿ, ಕಾಫಿ ಕೊಟ್ಟು, ಕಂಪ್ಯೂಟರ್ ನೋಡಿ ನಕ್ಕ:
"ಈ ಮಾಡೆಲ್ಲೇ ಹಾಗೆ ಸರ್."
ಸೋದರಮಾವನ ಕೋಪದ ವಿಷಯ ಹೇಳುವ ಹಾಗೆ,
ಅವರಿರೋದೇ ಹಾಗೆ, ನಾವೇ ಹೊಂದಿಕೊಂಡು ಹೋಗಬೇಕು.

ಬಾಳ್ಳುಪೇಟೆಯ ಟೀ ಅಂಗಡಿ ಮುಂದೆ ನಮ್ಮದೇ ಒಂದು ಸಂಘ:
ಒಂದೇ ಮಾಡೆಲ್ಲಿನ ಐದು ವ್ಯಾನು, ಐದು ಒದ್ದೆ ಎಡಗಾಲು.
ಮೊಟ್ಟೆ ಗಾಡಿಯ ತಿಮ್ಮೇಶ ಸ್ಪಂಜು ಇಡುತ್ತಾನೆ,
ಹಿಂಡುತ್ತಾನೆ, ಮತ್ತೆ ಇಡುತ್ತಾನೆ.
ಕ್ರಿಸ್ಟಿ ಕಾಲಿಗೆ ಹಾಲಿನ ಕವರು ಕಟ್ಟಿಕೊಂಡು ಓಡಿಸುತ್ತಾನೆ.
ನಾನು ಎಲ್ಲರಿಗಿಂತ ಬುದ್ಧಿವಂತ,
ಕಾಲಡಿಯ ತಗಡಿಗೆ ಡ್ರಿಲ್ ಹೊಡೆಸಿ ತೂತು ಮಾಡಿಸಿದೆ.
ಬರುವ ನೀರನ್ನು ತಡೆಯಲಾರೆ,
ಹೋಗುವ ನೀರಿಗೆ ದಾರಿಯಾದರೂ ಇರಲಿ.
ಕರೆದು ಕರೆದು ತೋರಿಸುತ್ತಿದ್ದೆ.
ಬೇಸಿಗೆಯಲ್ಲಿ ಅದೇ ತೂತಿನಿಂದ ಧೂಳು ಬಂತು.
ಅದನ್ನು ಯಾರಿಗೂ ಹೇಳಲಿಲ್ಲ.

"ತಾಳಿದವನು ಬಾಳಿಯಾನು" ಅಂದ ತಿಮ್ಮೇಶ.
ನಾನು ತಾಳಬಲ್ಲೆ. ಬನ್ನು ತಾಳುವುದಿಲ್ಲ.
ಕೆಳಗಿನ ಕ್ರೇಟಿನ ಬನ್ನಿಗೆ ಗಾದೆ ಗೊತ್ತಿಲ್ಲ;
ನೀರು ತಾಕಿದರೆ ಊದುತ್ತದೆ, ಮತ್ತೆ ಹಿಟ್ಟಾಗುತ್ತದೆ,
ಸಕಲೇಶಪುರದ ಅಂಗಡಿಯಾಕೆ ಎರಡು ಬೆರಳಲ್ಲಿ ಎತ್ತಿ
ವಾಪಸು ಕೊಡುತ್ತಾಳೆ. ಲೆಕ್ಕ ನನ್ನ ಹೆಸರಿಗೆ.
ಒಂಬತ್ತು ವರ್ಷದ ಒದ್ದೆ ಬನ್ನನ್ನೆಲ್ಲ
ವಿಶಾಲು ಕ್ಯಾಲೆಂಡರಿನ ಹಿಂದೆ ಕೂಡಿಸಿಟ್ಟಿದ್ದಾಳೆ:
ನಾಲ್ಕು ಟೈರು, ಒಂದು ಬ್ಯಾಟರಿ.

ಈ ಏಪ್ರಿಲ್ಲಿನಲ್ಲಿ ಹೊಸ ವ್ಯಾನು.
ಅದೇ ಕಂಪನಿ, ಹೊಸ ಮುಖ, ಕಣ್ಣು ಕುಕ್ಕುವ ಬಿಳಿ.
ಹಾರ ಹಾಕಿ, ಕುಂಕುಮ ಹಚ್ಚಿ,
ನಾಲ್ಕು ಟೈರಿಗೆ ನಾಲ್ಕು ನಿಂಬೆಹಣ್ಣು ಇಟ್ಟು
ಪೆನ್ನು ಕೈಗಿತ್ತರು.
"ಸ್ವಲ್ಪ ನೀರು ಬೇಕಿತ್ತು" ಅಂದೆ.
ಪೂಜೆಗೆಂದುಕೊಂಡು ತಂಬಿಗೆ ತಂದರು.
ಸಾಲದು, ಬಕೆಟ್ಟು.

ಮೂರು ಬಕೆಟ್ಟು ಗಾಜಿನ ಮೇಲೆ ಸುರಿದು
ಪ್ಯಾಂಟು ಮಡಚಿ, ಮಂಡಿಯೂರಿ,
ಕ್ಲಚ್ಚಿನ ಮೇಲೆ ಅಂಗೈ ಚಾಚಿ ಕಾದೆ.
ಶೋರೂಮಿನವರು ಕೆಲಸ ಬಿಟ್ಟು ನೋಡಿದರು.
ಎಡಗಾಲಿಗೆ ಗೊತ್ತಿದ್ದದ್ದು
ಬಲಗೈಗೂ ಗೊತ್ತಾಯಿತು.

"ಸರ್, ಈ ಮಾಡೆಲ್ಲೂ..." ಅಂತ ಶುರುಮಾಡಿದ ಹುಡುಗ.
ಆಗ ಹೊಳೆಯಿತು. ಎಲ್ಲೋ ದೊಡ್ಡ ಮೇಜಿನ ಮೇಲೆ
ಇದರ ನಕ್ಷೆ ಬರೆದವರು ಎಲ್ಲಕ್ಕೂ ಲೆಕ್ಕ ಇಟ್ಟಿದ್ದಾರೆ,
ನಟ್ಟು, ಬೋಲ್ಟು, ವಾಷರು, ಕೊನೆಗೆ
ನಂಬರಿಲ್ಲದ ಒಂದು ಬಿಡಿಭಾಗ, ನಮ್ಮ ತಾಳ್ಮೆ.
ತುಕ್ಕು ಹಿಡಿಯದು, ಸವೆಯದು, ಬಿಟ್ಟಿ.
ತಿಮ್ಮೇಶನ ಸ್ಪಂಜು, ಕ್ರಿಸ್ಟಿಯ ಕವರು, ನನ್ನ ಜಾಣ ತೂತು,
ಅವರು ಮುಗಿಸಬೇಕಿದ್ದ ಕೆಲಸವನ್ನು
ನಾವೇ ಮುಗಿಸಿ ಕೊಡುತ್ತಾ ಬಂದಿದ್ದೆವು.

ಸಹಿ ಹಾಕಲಿಲ್ಲ.
ಅಡ್ವಾನ್ಸು ವಾಪಸಿಗೆ ಆರು ವಾರ ಅಂದರು, ನಗದೆ.
ಹಳೇ ವ್ಯಾನಿನಲ್ಲಿ ವಿಶಾಲು ಮಾತಾಡದೆ ಕೂತಳು.
ತಣ್ಣೀರುಹಳ್ಳದ ಹತ್ತಿರ ಕೇಳಿದಳು:
"ಅದೂ ಸೋರುತ್ತೆ, ಇದೂ ಸೋರುತ್ತೆ. ಸಿಕ್ಕಿದ್ದೇನು?"
"ಇದನ್ನ ಗೊತ್ತಿಲ್ಲದೆ ತಗೊಂಡಿದ್ದೆ" ಅಂದೆ.

ಸುಮಾರು ಹೊತ್ತಾದ ಮೇಲೆ
ಬ್ಯಾಗಿನಿಂದ ನಿಂಬೆಹಣ್ಣು ತೆಗೆದಳು. ನಾಲ್ಕೂ.
ಒಂದಕ್ಕೂ ಪೆಟ್ಟಾಗಿರಲಿಲ್ಲ.
ಉಪ್ಪಿನಕಾಯಿಗೆ ಸಾಲದು,
ಪಾನಕಕ್ಕಾಗುತ್ತೆ, ಅಂದಳು.