ಖೋ ಬರುವ ತನಕ

ಬೆಳಗಿನ ಜಾವ ನಾಲ್ಕೂವರೆ.
ಟೊಮೇಟೊ ಲಾರಿಗಳು ಕೋಲಾರದ ಮಂಡಿಗೆ
ಹಾರನ್ ಹೊಡೆಯುತ್ತಾ ಹೋಗುವ ಹೊತ್ತಿಗೆ
ನಾನು ಡಬ್ಬಿಗೆ ಸುಣ್ಣ ತುಂಬುತ್ತೇನೆ.
ಮೂಗಿಗೆ ಟವಲು, ಕಣ್ಣಿಗೆ ಏನೂ ಇಲ್ಲ.
ಹುಲ್ಲಿನ ಮೇಲೆ ನಾನೂರು ಮೀಟರು, ಎಂಟು ಲೇನು.
ದಾರ ಹಿಡಿಯಲು ಚೌಡಪ್ಪನ ಮಗ ಬಂದರೆ ಬಂದ,
ಇಲ್ಲದಿದ್ದರೆ ಗೂಟವೇ ಜೊತೆಗಾರ.
ರಬ್ಬರು ಟ್ರ್ಯಾಕಿಗೆ ಟೆಂಡರು ಆಗಿದೆಯಂತೆ.
ಅಲ್ಲಿಯವರೆಗೆ ನಾನು.

ಎರಡನೇ ಲೇನಿನವನು ಏಳು ಮೀಟರು ನಾಲ್ಕು ಸೆಂಟಿಮೀಟರು ಮುಂದೆ,
ಆಮೇಲೆ ಒಂದೊಂದಕ್ಕೂ ಏಳು ಅರವತ್ತೇಳು.
ಹೊಸಬರು ಕೇಳುತ್ತಾರೆ:
ಎಂಟನೆಯವನು ಅಷ್ಟು ಮುಂದೆ ನಿಂತರೆ ಮೋಸವಲ್ಲವಾ?
ಅಲ್ಲ ಸ್ವಾಮಿ, ಹೊರಗಿನ ತಿರುವು ದೊಡ್ಡದು.
ದೊಡ್ಡ ತಿರುವು ಓಡುವವನಿಗೆ
ಮುಂದೆ ಜಾಗ ಕೊಡಲೇಬೇಕು.
ಇಷ್ಟು ಸುಣ್ಣಕ್ಕೆ ಗೊತ್ತು.
ಅಡ್ಮಿಷನ್ ಆಫೀಸಿನ ಗಾಜಿಗೆ ಗೊತ್ತೋ ಇಲ್ಲವೋ.

ಇಲ್ಲಿ ಈಜುಕೊಳದ ನೀರನ್ನು ಚಳಿಗೆ ಕಾಯಿಸುತ್ತಾರೆ.
ನಾಲ್ಕು ಗೋಡೆಯೊಳಗೆ ನಿಂತು
ಗೋಡೆಗೇ ಚೆಂಡು ಹೊಡೆಯುವ ಆಟವೊಂದಿದೆ.
ಹತ್ತಲಿಕ್ಕೆ ಪ್ಲಾಸ್ಟಿಕ್ಕಿನ ಬಂಡೆ, ಸೊಂಟಕ್ಕೆ ಹಗ್ಗ,
ಅದರ ಬೆನ್ನಿಗೇ ಅಂತರಗಂಗೆ ಬೆಟ್ಟ
ಅಸಲಿ ಬಂಡೆಗಳನ್ನು ಹೊತ್ತು ಸುಮ್ಮನೆ ನೋಡುತ್ತಿರುತ್ತದೆ,
ಪುಕ್ಕಟೆ.
ಬಾಗಿಲ ಮೇಲೆ ಹಿತ್ತಾಳೆ ಅಕ್ಷರ:
ಮನರಂಜನಾ ಕ್ರೀಡಾ ವಿಭಾಗ.

ಮನರಂಜನೆ!
ನಮಗೆ ಆಟವೆಂದರೆ ಎರಡು ಮೊಟ್ಟೆ, ಒಂದು ಬಾಳೆಹಣ್ಣು,
ಸಹಿ ಹಾಕಿಸಿಕೊಂಡು ಕೊಡುತ್ತಿದ್ದ ಮೂವತ್ತು ರೂಪಾಯಿ,
ಯಾವುದೋ ಊರಿನ ಕಲ್ಯಾಣ ಮಂಟಪದ ಜಮಖಾನ,
ಹನ್ನೆರಡು ಹುಡುಗಿಯರಿಗೆ ಒಂದೇ ಬಾಚಣಿಗೆ.
ಕಂಬಕ್ಕೆ ಡೈವ್ ಹೊಡೆದ ಎಡಮಂಡಿ
ಮೋಡ ಕವಿದಾಗ ಈಗಲೂ ಸ್ಕೋರು ಹೇಳುತ್ತದೆ.

ಮೊನ್ನೆ ಹಸಿ ಗೆರೆಯ ಮೇಲೆ
ಬರಿಗಾಲಲ್ಲಿ ಒಬ್ಬಳು ನಡೆದು ಬಂದಳು.
ಬೈಯಲು ಬಾಯಿ ತೆರೆದೆ. ಮುಖ ನೋಡಿ ಮುಚ್ಚಿದೆ.
ಈಶಾನಿ, ಇಂದೋರಿನವಳು,
ಹಿಂದಿನ ಸಂಜೆ ಇನ್ನೂರು ಮೀಟರಿನಲ್ಲಿ ನಾಲ್ಕನೆಯವಳು.
ಮೂರಕ್ಕೂ ನಾಲ್ಕಕ್ಕೂ ನಡುವೆ
ಒಂದು ರೆಪ್ಪೆ ಬಡಿಯುವಷ್ಟೂ ಜಾಗವಿರಲಿಲ್ಲ.
"ಸಾರಿ ಆಂಟಿ, ನಿದ್ದೆ ಬರಲ್ಲ."
ಆಮೇಲೆ, ಏನೂ ತೋಚದೆ ಇರಬೇಕು:
"ನೀವು ಏನು ಆಡ್ತಿದ್ರಿ?"

ಹಾಕಿ ಮೈದಾನದ ಹಿಂದೆ ಉಳಿದ ಸುಣ್ಣದಲ್ಲಿ
ಎಂಟು ಚೌಕ ಬರೆದೆ.
ಕೂರು ಅಂದೆ. ಕೂತಳು.
ಬೆರಳು ನೆಲಕ್ಕೆ, ಹಿಮ್ಮಡಿ ಮೇಲೆ, ಥೇಟು ಅವಳ ಓಟದ ಹಾಗೆ.
ಅಲ್ಲಿ ಪಿಸ್ತೂಲು ಹೇಳುತ್ತದೆ, ಏಳು ಅಂತ.
ಇಲ್ಲಿ ಬೆನ್ನಿನ ಮೇಲೊಂದು ಕೈ.

ಮಿಕ್ಕ ಏಳು ಚೌಕ ಖಾಲಿ ಅಂದುಕೊಂಡಳೇನೋ.
ನನಗೆ ಕಾಣುತ್ತಿದ್ದರು:
ನರಸಾಪುರದಲ್ಲಿ ಮೂರನೇ ಶಿಫ್ಟಿನ ಮುನಿರತ್ನ,
ಮಾಲೂರಿನಲ್ಲಿ ಬಳೆ ಅಂಗಡಿ ಇಟ್ಟ ಶಾಹಿದಾ,
ಮದುವೆಯಾದ ಮೇಲೆ ಯಾವ ಪತ್ರಕ್ಕೂ ಉತ್ತರಿಸದ ಪಾಪಮ್ಮ,
ಮತ್ತೆ ಯಾರ್ಯಾರೋ, ಒಬ್ಬಳ ಮುಖವಿದೆ ಹೆಸರಿಲ್ಲ.
ಒಂದು ಮುಖ ಆ ಕಡೆ, ಒಂದು ಮುಖ ಈ ಕಡೆ.

ಓಡಿದೆ. ನಲವತ್ತಾರರ ಓಟ, ನಗಬೇಡಿ.
ಅವಳ ಹಿಂದೆ ಹಾದೆ, ಕೊಡಲಿಲ್ಲ.
ಎರಡನೇ ಸಲ ಹಾದೆ, ತಡೆಯಲಾರದೆ ಎದ್ದೇಬಿಟ್ಟಳು.
"ಫೌಲ್."
"ಯಾಕೆ?"
"ಕೊಟ್ಟಿಲ್ಲವಲ್ಲ."
ತಾನೇ ಏಳಬಾರದ ಆಟ ಅವಳು ಕಂಡಿರಲಿಲ್ಲ.
ಮತ್ತೆ ಕೂತಳು. ಈ ಸಲ ಭುಜ ಇಳಿದಿತ್ತು,
ಉಸಿರು ಬೆನ್ನಿನಲ್ಲಿ ಕಾಣುತ್ತಿತ್ತು.

ಖೋ!

ಹಿಡಿಯಲು ಯಾರೂ ಇಲ್ಲದ ಬಯಲಿನಲ್ಲಿ
ಹೋದಳು ನೋಡಿ, ಕಂಬವಿರಬೇಕಿದ್ದ ಜಾಗ ದಾಟಿ,
ಬೇಲಿಯ ತನಕ, ಎರಡು ಬಿಳಿ ಪಾದ.
ನಿಯಮದಂತೆ ಅವಳ ಚೌಕದಲ್ಲಿ ನಾನು ಕೂತೆ.
ಕೂರುವುದೇನೋ ಸಲೀಸು.
ಏಳಲಿಕ್ಕೆ ಮಂಡಿ ಒಪ್ಪಲಿಲ್ಲ,
ಹಾಗೇ ಇದ್ದೆ,
ಬೆನ್ನು ಅವಳ ಕಡೆ.

ಆರಕ್ಕೆ ಸ್ಪ್ರಿಂಕ್ಲರು ತಿರುಗಿ ಚೌಕಗಳೆಲ್ಲ ಹಾಲಿನಂತೆ ಹರಿದವು.
ಸೂಪರ್‌ವೈಸರ್ ಮೂಟೆ ಎತ್ತಿ ನೋಡಿ ಹುಬ್ಬು ಗಂಟಿಕ್ಕಿದ.
ರಿಜಿಸ್ಟರಿನಲ್ಲಿ ಬರೆದೆ:
ಸುಣ್ಣ ಅರ್ಧ ಮೂಟೆ ಹೆಚ್ಚು ಖರ್ಚು.
ಕಾರಣ, ಗಾಳಿ.